ಹಿಂದೆ ಕೂರುವವರು

ಸುಂದರಿಗೆ ಸುಸ್ತಾಗಿತ್ತು. ಮಂಡಿನೋವಿನ ಸುಸ್ತು ಬೇರೆ, ಅದಕ್ಕೆ ಎಣ್ಣೆ ತಿಕ್ಕಬಹುದು. ಇದು ಎರಡು ದೇಶಗಳಲ್ಲಿ ಆಡಿ, ಮೂರನೆಯದರಲ್ಲಿ ತಾನು ಆಡುವುದು ಏನೆಂದು ವಿವರಿಸಿ ವಿವರಿಸಿ ಆದ ಸುಸ್ತು. ಈ ಶುಕ್ರವಾರದ ಪ್ರದರ್ಶನವೇ ಕೊನೆಯದು ಎಂದು ಅವಳು ತೀರ್ಮಾನಿಸಿಯಾಗಿತ್ತು. ಆದರೆ ನಿಲ್ಲಿಸುವುದಾದರೆ ಮುಗಿಸಿ ನಿಲ್ಲಿಸಬೇಕು. ಹಿಡಿದ ಆಟವನ್ನು ಅವಳು ಒಮ್ಮೆಯೂ ನಡುವೆ ಬಿಟ್ಟವಳಲ್ಲ. ಹೆಮ್ಮೆಪಡಲು ಅವಳ ಬಳಿ ಉಳಿದದ್ದು ಅದೊಂದೇ.

ಪುತ್ತೂರಿನ ಕಡೆಯ ಈ ಹುಡುಗಿ ಇಪ್ಪತ್ತೆರಡರ ಪ್ರಾಯದಲ್ಲಿ ವಿದ್ಯಾರ್ಥಿವೇತನ ಪಡೆದು ಕ್ಯೋಟೋಗೆ ಹೋದದ್ದು ಜಪಾನಿ ಭಾಷೆ ಕಲಿಯಲು. ಕಲಿತದ್ದು ನಡೆಯಲು. ಅಲ್ಲಿನ ನೋಹ್ ನಾಟಕದಲ್ಲಿ ನಟರು ಮರದ ಮುಖವಾಡ ಕಟ್ಟಿಕೊಂಡು, ಪಾದವನ್ನು ನೆಲದಿಂದ ಎತ್ತದೆ ಜಾರಿಸುತ್ತ ನಡೆಯುತ್ತಾರೆ. ಮುದುಕ ಗುರು ಒಂದು ವರ್ಷ ಅವಳಿಗೆ ಅದನ್ನು ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ‘ನಡೆಯಲಿಕ್ಕೆ ಬರುವವಳಿಗೆ ನಡೆಯಲಿಕ್ಕೆ ಕಲಿಸುವ ಶಾಲೆಯಾ ಅದು?’ ಎಂದು ಅಮ್ಮ ಕಾಗದ ಬರೆಸಿ ಕೇಳಿದ್ದರು.

ಆಮೇಲೆ ಕ್ಯೋಟೋಗೆ ಬಂದಿದ್ದ ಅಮೆರಿಕದ ನಿರ್ದೇಶಕಿಯೊಬ್ಬಳು ಅವಳನ್ನು ಶಿಕಾಗೋಗೆ ಕರೆದೊಯ್ದಳು. ಹಳೆಯ ಗ್ಯಾರೇಜಿನಲ್ಲಿ ಆಡುತ್ತಿದ್ದ ಆ ತಂಡಕ್ಕೆ ಮುಖವಾಡವೂ ಬೇಕು, ನಡುವೆ ಅದನ್ನು ಕಿತ್ತು ಸ್ವಂತ ಕಥೆ ಹೇಳಿಕೊಳ್ಳುವುದೂ ಬೇಕು. ಸುಂದರಿ ವರ್ಷಗಟ್ಟಲೆ ಎರಡನ್ನೂ ಮಾಡಿದಳು. ಪತ್ರಿಕೆಯವರು ಅವಳನ್ನು ಸೇತುವೆ ಎಂದು ಬರೆದರು. ಸೇತುವೆಯ ಮೇಲೆ ಎಲ್ಲರೂ ನಡೆದು ಹೋಗುತ್ತಾರೆ, ಯಾರೂ ಚಾಪೆ ಹಾಸಿ ಮಲಗುವುದಿಲ್ಲ. ಕ್ಯೋಟೋದವರಿಗೆ ಅವಳು ಹೊರಗಿನವಳು, ಶಿಕಾಗೋದವರಿಗೆ ಜಪಾನಿನವಳು, ತಂಡ ಮುಚ್ಚಿ ಊರಿಗೆ ಬಂದಾಗ ನೆಂಟರಿಗೆ ಇನ್ನೂ ಮದುವೆಯಾಗದವಳು.

ಆಗ ಸಿಕ್ಕವನು ಪೂವಪ್ಪ. ಒಮಾನ್ ದೇಶದ ಇಬ್ರಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ವ್ಯಾಪಾರ ನೋಡಿಕೊಂಡಿದ್ದ, ಪ್ರಾಯ ಮೀರುತ್ತಿದ್ದ ಬ್ರಹ್ಮಚಾರಿ. ಆಟವೆಂದರೆ ಅವನಿಗೆ ಚೆಂಡೆ ಬೇಕು, ರಾಕ್ಷಸ ಬೇಕು, ಯುದ್ಧ ಬೇಕು. ಮದುವೆಯಾದ ಮೇಲೆ ಹೆಂಡತಿಯ ಆಟವನ್ನು ಮೊದಲ ಸಲ ನೋಡಿದಾಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಇಬ್ರಿಯ ಬಿಲ್ಡಿಂಗಿನ ಟೆರೇಸಿನಲ್ಲಿ ಅವಳು ಸಂಜೆ ಪಾದ ಜಾರಿಸುತ್ತ ನಡೆಯುವುದನ್ನು ಕಂಡು ಕೆಳಗಿನ ಮನೆಯ ರಝಿಯಾ, “ಬಾಜಿ, ಕುಛ್ ಗಿರ್ ಗಯಾ ಕ್ಯಾ?” ಎನ್ನುತ್ತ ಬಿದ್ದದ್ದನ್ನು ತಾನೂ ಬಗ್ಗಿ ಹುಡುಕತೊಡಗಿದ್ದಳಂತೆ. ಅದನ್ನು ಪೂವಪ್ಪ ಊಟಕ್ಕೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾನೆ.

ಅವನಿಗೆ ಮಸ್ಕತ್ತಿನ ಮತ್ರಾದಲ್ಲಿ ಕೆಲಸವಾಗಿ ಅಲ್ ಅಜೈಬಾದ ಫ್ಲ್ಯಾಟಿಗೆ ಬಂದ ಮೇಲೆ ಅವಳಿಗೂ ಒಂದಿಷ್ಟು ಕೆಲಸ ಸಿಕ್ಕಿತು. ಶಾಲೆಗಳ ವಾರ್ಷಿಕೋತ್ಸವಕ್ಕೆ ಕರೆಯುತ್ತಿದ್ದರು. ಜಪಾನೂ ಇರಲಿ, ಅಮೆರಿಕವೂ ಇರಲಿ, ಒಟ್ಟು ಹತ್ತು ನಿಮಿಷ ಇರಲಿ ಎನ್ನುತ್ತಿದ್ದರು. ಅವಳು ಕನ್ನಡದಲ್ಲಿ ಹೇಳಿಕೊಟ್ಟದ್ದಕ್ಕೆ ಮಕ್ಕಳು “ಮ್ಯಾಮ್, ಇಟ್ಸ್ ಟೂ ಸ್ಲೋ” ಎಂದು ಉತ್ತರಿಸುತ್ತಿದ್ದವು. ಮಕ್ಕಳ ತಪ್ಪಲ್ಲ, ನಿಧಾನವೇ ಹೌದು. ಹೀಗೆ ಹತ್ತು ನಿಮಿಷಕ್ಕೆ ಕತ್ತರಿಸುತ್ತ ಕತ್ತರಿಸುತ್ತ ಅವಳಿಗೇ ತನ್ನ ವಿದ್ಯೆಯ ಮೇಲೆ ಬೇಸರ ಹುಟ್ಟಿತು.

ಈ ಸಲ ಊರಿನವರ ಸಂಘದ ಕಾರ್ಯದರ್ಶಿ ಲಕ್ಷಿತ್ ಪುಣ್ಯಕ್ಕೆ ನಿಮಿಷದ ಮಾತೆತ್ತಲಿಲ್ಲ. “ನೀವು ಎಷ್ಟೊತ್ತು ಬೇಕಾದ್ರೂ ಮಾಡಿ ಸುಂದರಿಯಕ್ಕ, ಊಟ ಹೇಗೂ ಲೇಟುಂಟು” ಎಂದ. ಅಷ್ಟು ಗೌರವವಾದರೂ ಸಾಕೆಂದು ಅವಳು ಒಪ್ಪಿಕೊಂಡಳು.

ತೊಡಕು ಬಂದದ್ದು ಬೇರೆ ಕಡೆಯಿಂದ. ನೋಹ್ ನಾಟಕದಲ್ಲಿ ಮುಖ್ಯ ನಟನ ಹಿಂದೆ, ರಂಗದ ಮೇಲೆಯೇ, ಒಬ್ಬರು ಕಪ್ಪು ಬಟ್ಟೆ ಉಟ್ಟು ಕೂತಿರುತ್ತಾರೆ. ಉಡುಪು ಜಾರಿದರೆ ಸರಿಮಾಡುವುದು, ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವುದು ಅವರ ಕೆಲಸ. ಅವರ ಮುಖದಲ್ಲಿ ಯಾವ ಭಾವವೂ ಕಾಣಬಾರದು. ನಟ ನಡುವೆ ಕುಸಿದರೆ ಅವರು ಎದ್ದು, ನಿಂತಲ್ಲಿಂದ ಮುಂದುವರಿಸಿ ಮುಗಿಸಬೇಕು. ಹಾಗೆ ಮುಗಿದರೂ ಆಟ ಮುಗಿದಂತೆಯೇ ಎಂದು ಗುರು ಹೇಳುತ್ತಿದ್ದರು. ಹಿಂದೆ ಯಾರೂ ಇಲ್ಲದೆ ಮುಖವಾಡ ಕಟ್ಟಬಾರದು ಎಂದೂ ಹೇಳುತ್ತಿದ್ದರು. ಮಸ್ಕತ್ತಿನಲ್ಲಿ ಅವಳ ಹಿಂದೆ ಕೂರುತ್ತಿದ್ದವಳು ಜಪಾನಿ ಎಂಜಿನಿಯರೊಬ್ಬರ ಹೆಂಡತಿ. ಗಂಡನಿಗೆ ವರ್ಗವಾಗಿ ಅವಳು ಬೇಸಿಗೆಯಲ್ಲಿ ಹೊರಟುಹೋಗಿದ್ದಳು.

“ಲಕ್ಷಿತನಿಗೆ ಫೋನ್ ಮಾಡಿ ಆಗುದಿಲ್ಲ ಅಂತ ಹೇಳ್ತೇನೆ” ಎಂದಳು ಸುಂದರಿ.

“ನಾನು ಕೂರ್ತೇನೆ” ಎಂದ ಪೂವಪ್ಪ.

“ನಿಮಗೆ ಎಂತ ಗೊತ್ತುಂಟು? ಸುಮ್ಮನೆ ಕೂರುದಲ್ಲ ಅದು. ನಾನು ಬಿದ್ರೆ ನೀವು ಮುಗಿಸ್ಬೇಕು.”

“ನೀನು ಬೀಳುದಿಲ್ಲ, ನನಗೆ ಮುಗಿಸ್ಲಿಕ್ಕೆ ಬರುದಿಲ್ಲ. ಅಲ್ಲಿಗಲ್ಲಿಗೆ ಸರಿಯಾಯ್ತಲ್ಲ ಮಾರಾಯ್ತಿ. ಖಲಾಸ್.”

ಬಿದ್ದದ್ದು ಉಂಟು. ಎರಡು ವರ್ಷದ ಹಿಂದೆ ಮನೆಯ ಕಾರಿಡಾರಿನಲ್ಲೇ ಅಭ್ಯಾಸ ಮಾಡುವಾಗ ಬಲಮಂಡಿ ಕೈಕೊಟ್ಟಿತ್ತು. “ಇಲ್ಲಿಯ ಟೈಲ್ಸೇ ಸಮ ಇಲ್ಲ” ಎಂದು ಅವಳೆಂದಾಗ, “ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ಪೂವಪ್ಪ ನಕ್ಕಿದ್ದ. ಆದರೆ ಮಾರನೆಯ ದಿನದಿಂದ ಕೆಲಸ ಮುಗಿಸಿ ಬಂದವನು ಟೀ ಕುಡಿದು, ಅವಳು ನಡೆಯುವಷ್ಟು ಹೊತ್ತೂ ಅವಳ ಸೊಂಟಕ್ಕೆ ಆಸರೆಯಾಗಿ ಕೈಯಿಟ್ಟು ಹಿಂದೆಯೇ ನಡೆಯತೊಡಗಿದ. ದಾರಿಯುದ್ದಕ್ಕೂ ಮೀನಿನ ರೇಟು, ಮತ್ರಾದ ಪಾರ್ಕಿಂಗು ಎಂದು ಅವನದು ಏನಾದರೂ ಮಾತಿರುತ್ತಿತ್ತು. ಅವಳಿಗೆ ಸಿಟ್ಟು ಬರುತ್ತಿತ್ತು, ಕೈ ಬೇಕಾದ್ದರಿಂದ ಸುಮ್ಮನಿರುತ್ತಿದ್ದಳು.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ಮುಖವಾಡದ ಸಣ್ಣ ಕಣ್ಣಿನಿಂದ ನೆಲ ಕಾಣುವುದಿಲ್ಲ. ಜಪಾನಿನ ರಂಗದಲ್ಲಾದರೆ ಮೂಲೆಯ ಕಂಬಗಳನ್ನು ನೋಡಿ ಅಂದಾಜು ಮಾಡಬಹುದು. ಇಲ್ಲಿ ಹಾಲ್ ನೋಡಿಕೊಳ್ಳುವ ಮುನಾಫ್ ಬಾಗಿಲ ಬಳಿಯ ಎರಡು ಗಿಡದ ಕುಂಡಗಳನ್ನು ತಂದು ಮೂಲೆಯಲ್ಲಿಟ್ಟಿದ್ದ. ಪೂವಪ್ಪ ಕಪ್ಪು ಪ್ಯಾಂಟು, ಕಪ್ಪು ಅಂಗಿ ತೊಟ್ಟು ಹಿಂದೆ ಕೂತ.

ಆಟ ಅವಳದೇ ಕಟ್ಟಣೆ. ಮುದುಕಿಯೊಬ್ಬಳು ಹಡಗು ಬರುತ್ತದೆಂದು ಕಡಲ ದಂಡೆಗೆ ಬರುತ್ತಾಳೆ. ಕಾಯುತ್ತ ಕೂತವಳು ಮುಖವಾಡ ತೆಗೆದು, ಎದುರು ಕೂತವರೊಂದಿಗೆ ತನ್ನ ಬದುಕಿನ ನಾಲ್ಕು ಮಾತಾಡುತ್ತಾಳೆ. ಹಡಗು ಬರುವುದಿಲ್ಲ. ಮತ್ತೆ ಮುಖವಾಡ ಕಟ್ಟಿ, ಎದ್ದು, ಬಂದ ದಾರಿಯಲ್ಲೇ ಹಿಂದಿರುಗಿ ಬೀಸಣಿಗೆ ಮುಚ್ಚುತ್ತಾಳೆ. ಬೀಸಣಿಗೆ ಮುಚ್ಚಿದರೆ ಆಟ ಮುಗಿದಂತೆ.

ಅವಳು ಬಂದಳು, ಕೂತಳು, ಮಾತಾಡಿದಳು. ಮುಖವಾಡ ಕಟ್ಟಿ ಏಳಲು ಹೋದಳು. ಮಂಡಿ ಏಳಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದಳು. ತೊಡೆಯವರೆಗೂ ನೋವು ಚಿಮ್ಮಿತೇ ಹೊರತು ಕಾಲು ಮಾತು ಕೇಳಲಿಲ್ಲ. ರೆಕಾರ್ಡಿನ ಡೋಲು ಬಡಿಯುತ್ತಲೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಾಗಾದರೆ ಇಲ್ಲಿ, ಈ ಹಾಲ್‌ನಲ್ಲಿ, ಬಿರಿಯಾನಿಯ ವಾಸನೆಯ ನಡುವೆ ಅರ್ಧಕ್ಕೆ ನಿಂತಿತು ಎಂದುಕೊಂಡಳು. ಮುಖವಾಡದೊಳಗೆ ಅವಳ ಮುಖ ಅವಮಾನದಿಂದ ಸುಡುತ್ತಿತ್ತು.

ಹಿಂದಿನಿಂದ ಬಟ್ಟೆ ಸರಿದ ಸದ್ದಾಯಿತು. ಪೂವಪ್ಪ ಎದ್ದು ಅವಳ ಪಕ್ಕಕ್ಕೆ ಬಂದಿದ್ದ.

“ಬೇಡ” ಎಂದಳು ಮುಖವಾಡದೊಳಗಿನಿಂದ. “ನಿಮಗೆ ಬರುದಿಲ್ಲ.”

“ನೀನು ಆಚೆ ಕೂರು” ಎಂದು ಅವನು ಅವಳ ಕೈಯಿಂದ ಬೀಸಣಿಗೆ ಬಿಡಿಸಿಕೊಂಡ.

ಅವಳು ಮುಖವಾಡ ಬಿಚ್ಚಿ ಮಡಿಲಲ್ಲಿಟ್ಟು, ಕೂತಲ್ಲೇ ಸರಿಯುತ್ತ ಅವನ ಜಾಗಕ್ಕೆ ಹೋದಳು. ಅವನು ಹೊರಟ. ಬೋಳುತಲೆ, ಚಿಕ್ಕ ಹೊಟ್ಟೆ, ಒಂದು ಕಡೆ ಹೊರಬಂದ ಅಂಗಿಯ ತುದಿ. ಕ್ಯೋಟೋದ ಗುರು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಪಾದ ನೆಲ ಬಿಡಲಿಲ್ಲ. ಅವನು ನಿಜಕ್ಕೂ ಜಾರಿಸಿಯೇ ನಡೆಯುತ್ತಿದ್ದ.

ಐದಾರು ಹೆಜ್ಜೆ ಹೋದವನು ಬಲಕ್ಕೆ ಸ್ವಲ್ಪ ವಾಲಿ, ಏನನ್ನೋ ಸುತ್ತಿ ಹೋದವನಂತೆ ಮತ್ತೆ ನೇರವಾದ. ಅಲ್ಲಿ ಏನೂ ಇರಲಿಲ್ಲ. ಇದೆಂತ ಎಂದು ಸುಂದರಿ ನೋಡಿದಳು, ಗೊತ್ತಾಯಿತು. ಮನೆಯ ಕಾರಿಡಾರಿನಲ್ಲಿ ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇದೆ. ಆಮೇಲೆ ಅವನ ಎಡಗೈ ಕಂಡಿತು. ಅದು ಮುಂದಕ್ಕೆ ಚಾಚಿತ್ತು, ಸೊಂಟದ ಎತ್ತರಕ್ಕೆ, ಬೆರಳು ತುಸು ಮಡಚಿ. ಅವನಿಗೆ ಬರುತ್ತಿದ್ದದ್ದು ಅದೊಂದೇ ನಡಿಗೆ, ಅವಳನ್ನು ಹಿಡಿದುಕೊಂಡು ನಡೆಯುವ ನಡಿಗೆ. ಹಿಡಿಯಲು ಅವಳಿಲ್ಲದಿದ್ದರೂ ಅವನು ಕೈ ಇಳಿಸಲಿಲ್ಲ.

ಸತ್ತ ಹೆಂಡತಿಯನ್ನು ಮುದುಕ ಹಿಡಿದುಕೊಂಡು ಹೋಗುತ್ತಿದ್ದಾನೆ ಎಂದುಕೊಂಡಳೋ ಏನೋ, ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದೆ ಕೂತವರ ಮುಖದಲ್ಲಿ ಭಾವ ಕಾಣಬಾರದೆಂಬ ನಿಯಮ ಸುಂದರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣೀರು ಗಲ್ಲದ ಮೇಲಿಂದ ಮುಖವಾಡದ ಮೇಲೆ ಬಿತ್ತು, ಅವಳು ಒರೆಸಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳಿಗೆ ಕೂತಲ್ಲಿ ಹಾಯೆನಿಸಿತು.

ಪೂವಪ್ಪ ಕುಂಡದ ಬಳಿ ತಲುಪಿ ನಿಂತ. ಮುಂದೇನೆಂದು ಅವನಿಗೆ ಹೊಳೆಯಲಿಲ್ಲ. ಡೋಲು ನಿಂತಿತ್ತು. ಬಿಚ್ಚಿದ ಬೀಸಣಿಗೆ ಹಿಡಿದುಕೊಂಡು, ತಿರುಗಿ ನೋಡಬಾರದೆಂದು ಮಾತ್ರ ನೆನಪಿಟ್ಟುಕೊಂಡು ಅವನು ಬೆವರುತ್ತಿದ್ದ.

“ಬೀಸಣಿಗೆ ಮುಚ್ಚಿ” ಎಂದು ಸುಂದರಿ ಹಿಂದಿನಿಂದ ಮೆಲ್ಲಗೆ ಹೇಳಿದಳು.

ಅವನು ಮುಚ್ಚಿದ.