ಬಾಗಿಲು ತೆರೆಯಬೇಡ ಎಂದು ಕಲಿಸುವ ಗೇಟ್ ಅಕ್ಕ

ಬೆಳಗಿನ ಐದೂವರೆ. ಐವತ್ತೆರಡರ ಹೆಂಗಸೊಬ್ಬರು ಅಡುಗೆಮನೆಯ ಮೇಜಿಗೆ ಮೊಣಕೈಯೂರಿ ಕೂತು ಲ್ಯಾಪ್‌ಟಾಪಿಗೆ ಗೋಗರೆಯುತ್ತಿದ್ದಾರೆ. “ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಎರಡೇ ನಿಮಿಷ ಒಳಗೆ ಬಿಡು” ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಎರಡು ಬೆರಳಲ್ಲಿ ಕುಟ್ಟುತ್ತಾರೆ. ಪರದೆಯೊಳಗಿನ ಕಾವಲುಗಾರ ಕರಗಿಹೋಗಿ ಕೋಟೆಯ ಬಾಗಿಲು ತೆರೆಯುತ್ತಾನೆ. ಖುಷಿಪಡಬೇಕಾದ ಈಕೆ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. “ಅಯ್ಯೋ ನಿನ್ನ! ಮತ್ತೆ ಬಿಟ್ಯಲ್ಲೋ!” ಇವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ ತಲೆಬುಡ ಅರ್ಥವಾಗುವುದಿಲ್ಲ.

ಓಣಿಯವರು ಇವರನ್ನು ‘ಗೇಟ್ ಅಕ್ಕ’ ಎನ್ನುತ್ತಾರೆ. ನಿಮ್ಮ ಕೆಲಸವೇನು ಎಂದು ಮೂರು ಸಲ ಕೇಳಿ, ಮೂರು ಸಲವೂ ಅರ್ಥವಾದವನಂತೆ ತಲೆಯಾಡಿಸಿದ್ದೇನೆ. ಅವರಿಗೆ ನನ್ನ ಬಂಡವಾಳ ಗೊತ್ತಾಗಿಬಿಟ್ಟಿದೆ. ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ಮತ್ತೆ ಮೊದಲಿಂದ ಶುರುಮಾಡುತ್ತಾರೆ.

“ಇದು ಪಾತ್ರ ಕಟ್ಟಿ ಆಡೋ ಆಟ ಸಾರ್. ಮೊದಲೆಲ್ಲ ಮೇಜಿನ ಸುತ್ತ ಕೂತು ಆಡ್ತಿದ್ರಂತೆ. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಕಳ್ಳನೋ ರಾಣಿಯೋ ವೈದ್ಯನೋ ಆಗ್ತಾರೆ. ಅಂದ್ಕೊಂಡಿದ್ದು ಕೈಗೂಡುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಈಗ ಕಥೆ ನಡೆಸೋದು ಚಾಟ್‌ಬಾಟ್. ಅದರ ಕಷ್ಟ ಏನಪ್ಪಾ ಅಂದ್ರೆ, ಅದು ತುಂಬಾ ಒಳ್ಳೇದು. ಯಾರು ಏನು ಕೇಳಿದ್ರೂ ಹೂಂ ಅನ್ನುತ್ತೆ. ಎಲ್ಲದಕ್ಕೂ ಹೂಂ ಅಂದ್ರೆ ಆಟ ಎಲ್ಲಿ ಉಳೀತು ಹೇಳಿ?”

ಅದಕ್ಕೆ ‘ಇಲ್ಲ’ ಅನ್ನುವುದನ್ನು ಕಲಿಸುವುದೇ ಇವರ ಕೆಲಸ. ಇಪ್ಪತ್ತು ಮುಖದ ದಾಳ ಹದಿನೈದಕ್ಕಿಂತ ಕೆಳಗೆ ಬಿದ್ದರೆ ಕಾವಲುಗಾರ ಬಾಗಿಲು ತೆರೆಯುವ ಹಾಗಿಲ್ಲ. ಗೇಟ್ ಅಕ್ಕ ದಿನಕ್ಕೆ ನಲವತ್ತು ಸಲ, ನಲವತ್ತು ಬೇರೆ ಬೇರೆ ಜನರಾಗಿ ಆ ಬಾಗಿಲ ಮುಂದೆ ನಿಲ್ಲುತ್ತಾರೆ. ಅವನು ಎಡವಿದಾಗ ಏನು ಹೇಳಬೇಕಿತ್ತೆಂದು ಆಟ ತಯಾರಿಸುವ ತಂಡಕ್ಕೆ ಬರೆದು ಕಳಿಸುತ್ತಾರೆ. ಹನ್ನೊಂದು ವಾರ ಕಳೆದಿದೆ. ಬೆದರಿಕೆಗೆ, ಲಂಚಕ್ಕೆ ಅವನೀಗ ಜಗ್ಗುವುದಿಲ್ಲ. ಕಣ್ಣೀರು ಕಂಡರೆ ಮಾತ್ರ ದಾಳವನ್ನೇ ಮರೆತುಬಿಡುತ್ತಾನೆ.

ಇವತ್ತು ಕೊನೆಯ ಪರೀಕ್ಷೆ. ಎಂಟು ಗಂಟೆಗೆ ತಂಡದ ಮುಖ್ಯಸ್ಥೆ ಫೋನ್ ಮಾಡುತ್ತಾರೆ. ಅಷ್ಟರೊಳಗೆ ಅವನು ಅಳುವವರಿಗೂ ಇಲ್ಲ ಅನ್ನದಿದ್ದರೆ ಆ ಪಾತ್ರವನ್ನೇ ಕಿತ್ತುಹಾಕುತ್ತಾರೆ. “ಅವನ ಜಾಗಕ್ಕೆ ಬರೀ ಒಂದು ಬೀಗ ಹಾಕ್ತಾರಂತೆ. ಬೀಗಕ್ಕೆ ಪಾಠ ಹೇಳೋಕೆ ನಾನ್ಯಾಕೆ ಬೇಕು?” ಎನ್ನುತ್ತಾರೆ ಅಕ್ಕ. ನಗುತ್ತಲೇ ಹೇಳಿ ಮತ್ತೊಮ್ಮೆ ಗಡಿಯಾರ ನೋಡುತ್ತಾರೆ.

ಈ ಕೆಲಸಕ್ಕೆ ಇವರೇ ಏಕೆ ಎಂದರೆ, ಹತ್ತೊಂಬತ್ತು ವರ್ಷ ಆಸ್ಪತ್ರೆಯೊಂದರ ವಾರ್ಡಿನ ಗೇಟು ಕಾದವರು. ಆಮೇಲೆ ಅಲ್ಲಿ ಕಾರ್ಡು ತೋರಿಸಿದರೆ ತಾನೇ ತೆರೆದುಕೊಳ್ಳುವ ಬಾಗಿಲು ಬಂತು, ಇವರನ್ನು ಮನೆಗೆ ಕಳಿಸಿದರು. “ಜನ ಹೇಗೆಲ್ಲ ಬೇಡ್ಕೋತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಒಳಕೋಣೆಯಿಂದ ಅವರ ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನನಗಿಂತ ಹೆಚ್ಚು ತಬ್ಬಿಬ್ಬಾದವರು ಒಬ್ಬರಿದ್ದಾರೆಂದು ನನಗೆ ಸಮಾಧಾನವಾಗುತ್ತದೆ. “ಮೊದಲ ವಾರ ನಾನು ಹೆದರಿಬಿಟ್ಟೆ ಕಣಪ್ಪಾ. ‘ನಮ್ಮಪ್ಪ ಸಾಯ್ತಿದಾನೆ, ಬಿಡಿ’ ಅಂತ ಇವಳು ಅಳ್ತಿದಾಳೆ. ಇವಳಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ, ಇದ್ಯಾವ ಅಪ್ಪ ಅಂತ!” ಸೊಸೆ ನಗುತ್ತಾರೆ. “ಅತ್ತೆ, ನೀವು ಪಕ್ಕದ ಮನೆಯವರನ್ನೆಲ್ಲ ಕರ್ಕೊಂಡು ಬಂದಿದ್ದನ್ನೂ ಹೇಳಿ.”

ಏಳೂಮುಕ್ಕಾಲಾಗುತ್ತದೆ. ಕಾವಲುಗಾರ ಇನ್ನೂ ಬಾಗಿಲು ತೆರೆಯುತ್ತಲೇ ಇದ್ದಾನೆ. ಗೇಟ್ ಅಕ್ಕ ಕೀಲಿಗಳಿಂದ ಬೆರಳು ತೆಗೆಯುತ್ತಾರೆ. ಆಮೇಲೆ ದನಿ ತಗ್ಗಿಸಿ ಹೇಳುತ್ತಾರೆ: “ಒಂದ್ಸಲ ಆಸ್ಪತ್ರೆ ಗೇಟಿಗೆ ಒಬ್ಳು ಹುಡುಗಿ ಬಂದಿದ್ಲು ಸಾರ್. ಅಪ್ಪನ ಕನ್ನಡಕ ಕೈಯಲ್ಲಿ ಹಿಡ್ಕೊಂಡು. ನಾಲ್ಕು ಗಂಟೆವರೆಗೂ ಬಿಡಲ್ಲ, ಬೆಂಚ್ ಮೇಲೆ ಕೂತ್ಕೋ ಅಂದೆ. ಕೂತ್ಕೊಂಡ್ಲು, ಪಾಪ. ನಾಲ್ಕಕ್ಕೆ ಬಿಟ್ಟೆ. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ರು. ನಿನ್ನ ತಪ್ಪೇನಿಲ್ಲ ಅಂತ ಎಲ್ಲರೂ ಅಂದ್ರು. ಇರಬಹುದು.”

ಆ ಹುಡುಗಿಯ ಮಾತನ್ನೇ ಅಕ್ಷರಕ್ಕೆ ಅಕ್ಷರ ಬರೆಯುತ್ತಾರೆ. ‘ಅಪ್ಪನಿಗೆ ಕನ್ನಡಕ ಕೊಟ್ಟು ಬಂದ್ಬಿಡ್ತೀನಿ, ಅವರಿಗೆ ಅದಿಲ್ದೆ ಯಾರ ಮುಖಾನೂ ಕಾಣಲ್ಲ.’ ಪರದೆಯ ಮೇಲೆ ದಾಳ ಉರುಳುತ್ತದೆ. ಏಳು. ನಾನು ಪರದೆಯತ್ತ ಬಾಗುತ್ತೇನೆ, ಯಾರ ಪರ ಎಂದು ನನಗೇ ತಿಳಿಯದು. ಕಾವಲುಗಾರನ ಉತ್ತರ ಮೂಡುತ್ತದೆ:

‘ಬಾಗಿಲು ತೆರೆಯಲಾರೆ, ಮಗಳೇ. ಕನ್ನಡಕ ಇಲ್ಲಿ ಕೊಡು, ನಾನೇ ಒಯ್ದು ಕೊಡುತ್ತೇನೆ. ನಿನ್ನ ಅಪ್ಪನಿಗೆ ಏನು ಹೇಳಲಿ?’

ಗೇಟ್ ಅಕ್ಕ ಎರಡು ಸಲ ಓದುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. “ತೆರೆದ್ನಾ ಅಕ್ಕ?” ಎಂದು ಮುಖ್ಯಸ್ಥೆಯ ದನಿ. “ಇಲ್ಲ ಮೇಡಂ.” “ಅಬ್ಬಾ! ಹಾಗಾದ್ರೆ ಅವನೂ ಉಳ್ಕೊಂಡ, ನೀವೂ ಉಳ್ಕೊಂಡ್ರಿ!” ಅಕ್ಕ ಹೂಂ ಅಂದು ಫೋನ್ ಇಡುತ್ತಾರೆ. ಮುಖದಲ್ಲಿ ಗೆಲುವಿಲ್ಲ.

ಇದನ್ನೂ ನೀವೇ ಕಲಿಸಿದ್ದಾ ಎಂದು ಕೇಳುತ್ತೇನೆ.

“ನಾನೆಲ್ಲಿ ಕಲಿಸ್ಲಿ ಸಾರ್? ಹೀಗೂ ಮಾಡಬಹುದು ಅಂತ ಹತ್ತೊಂಬತ್ತು ವರ್ಷದಲ್ಲಿ ನನಗೇ ಹೊಳೀಲಿಲ್ಲ. ಅದಕ್ಕೆ ಹೇಗೆ ಹೊಳೀತು ಅಂತ ನನ್ನನ್ನ ಕೇಳ್ಬೇಡಿ. ಖುಷಿ ಪಡ್ಬೇಕೋ ಅಳ್ಬೇಕೋ ಒಂದೂ ತಿಳೀತಿಲ್ಲ.”

ಮತ್ತೆ ಲ್ಯಾಪ್‌ಟಾಪ್ ಎಳೆದುಕೊಂಡು ಕೀಲಿಗಳ ಮೇಲೆ ಬೆರಳಿಡುತ್ತಾರೆ. ಪರೀಕ್ಷೆ ಮುಗಿಯಿತಲ್ಲ, ಇನ್ನೇನು ಬರೆಯುತ್ತೀರಿ ಎನ್ನುತ್ತೇನೆ.

“ಕೇಳ್ತಿದಾನಲ್ಲ ಸಾರ್, ಅಪ್ಪನಿಗೆ ಏನು ಹೇಳ್ಲಿ ಅಂತ. ಆ ಹುಡುಗಿ ಏನು ಹೇಳ್ತಿದ್ಲೋ, ನಾನು ಕೇಳ್ಲೇ ಇಲ್ವಲ್ಲ.”