ಐಸಮ್ಮ ಪಡೆದ ಮತ

ಕೊಲಂಬೊದಲ್ಲಿ ಹುಟ್ಟಿ, ಮಂಗಳೂರು ಬಂದರಿನ ಒಣಮೀನು ವ್ಯಾಪಾರಿ ಅಬೂಬಕ್ಕರರನ್ನು ಮದುವೆಯಾಗಿ ಆ ಊರಿಗೆ ಬಂದ ಐಸಮ್ಮನ ಹೆಸರು ೧೯೫೭ರ ಮತದಾರರ ಪಟ್ಟಿಯಲ್ಲಿರಲಿಲ್ಲ. ವಿದೇಶಿಯರಿಗೆ ಮತವಿಲ್ಲವೆಂದರು ಗುಮಾಸ್ತರು.

"ನನ್ನದೊಂದು ಓಟು ಉಂಟಲ್ಲ, ಮನೆಗೆ ಸಾಕು ಮಾರಾಯ್ತಿ," ಎಂದರು ಗಂಡ.

"ನೀವು ಉಂಡರೆ ನನ್ನ ಹೊಟ್ಟೆ ತುಂಬ್ತದಾ?"

ಭಾರತೀಯನ ಪತ್ನಿ ಪೌರತ್ವಕ್ಕೆ ನೋಂದಾಯಿಸಿಕೊಳ್ಳಬಹುದೆಂದು ತಿಳಿದ ಆಕೆ ಅರ್ಜಿ ಹಾಕಿದಳು. ಕಲೆಕ್ಟರರ ಕಚೇರಿಗೆ ಎರಡು ವರ್ಷ ಅಲೆದು ಪ್ರಮಾಣಪತ್ರ ಪಡೆದಳು. ಹೆಸರೂ ಪಟ್ಟಿಗೆ ಸೇರಿತು.

೧೯೬೨ರಲ್ಲಿ ಆಕೆ ಮೊದಲ ಬಾರಿ ಮತ ಹಾಕಿ ಹೊರಬಂದಾಗ ಗಂಡ ಕಾದು ನಿಂತಿದ್ದರು.

"ನಾನು ಹೇಳಿದವರಿಗೇ ಹಾಕಿದಿಯಲ್ಲ?"

"ಗುಟ್ಟಿನ ಮತದಾನ ಅಂತ ಕಾನೂನು ಉಂಟು. ಬೇರೆ ಎಂತ ಬೇಕಾದರೂ ಕೇಳಿ, ಹೇಳ್ತೇನೆ."

ಅಬೂಬಕ್ಕರರಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ.