ಮಂಗಳ ಗ್ರಹದಲ್ಲಿ ಒಗ್ಗರಣೆ

ಇವತ್ತು ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದೇ ತಡ, ಸ್ಮೋಕ್ ಅಲಾರ್ಮ್ ಕಿರುಚಿತು. ಲಂಡನ್ನಿನ ವೆಂಬ್ಲಿಯಲ್ಲಿದ್ದ, ನನ್ನ ಬಾಲ್ಯದ ಆ ಹಳೆಯ ಅಡುಗೆಮನೆ ಕಣ್ಣೆದುರು ಬಂತು.

ಧಾರವಾಡದಲ್ಲಿ ಬೆಳೆದ ಅವ್ವ ಅಲ್ಲಿ ಎಂಥ ಚಳಿಯಲ್ಲೂ ಕಿಟಕಿ ತೆರೆದೇ ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಡಾಕ್ಟರು; ಅವರ ಆಸ್ಪತ್ರೆ ಬದಲಾದಾಗಲೆಲ್ಲ ನಮ್ಮ ಮನೆಯೂ ಬದಲಾಗುತ್ತಿತ್ತು. ಅಂದು ಟಿವಿಯಲ್ಲಿ ಮಂಗಳ ಗ್ರಹದ ಕೆಂಪು ನೆಲ ತೋರಿಸುತ್ತಿದ್ದರು. ಅಪ್ಪ ನನ್ನನ್ನು ಕೇಳಿದರು, "ಅಲ್ಲೇ ಮನಿ ಮಾಡೋಣೇನು?"

"ಯೆಸ್!" ಎಂದೆ.

ಅವ್ವನ ಕೈ ನಿಂತಿತು. "ಅಲ್ಲೆ ಕಿಡಕಿ ತಗೀಲಿಕ್ಕೆ ಬರ್ತದೇನ್ರಿ?"

ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ. ಎಣ್ಣೆ ಹೊಗೆಯಾಡತೊಡಗಿತು.

"ಕೂಸಿನ ಮುಂದ ನಾಟಕ ಬ್ಯಾಡ. ಈ ಸಲ ಯಾವ ಊರು, ಹೇಳ್ರಿ."

ಅಪ್ಪ ಟಿವಿಯ ಸದ್ದು ಹೆಚ್ಚಿಸಿದರು. ಅವ್ವ ಒಲೆ ಆರಿಸಿ, ಮಂಚದ ಕೆಳಗಿನ ಸೂಟ್‌ಕೇಸು ಎಳೆದು ಮೂವರ ಬಟ್ಟೆ ತುಂಬತೊಡಗಿದಳು.

ಇಲ್ಲಿ ಅಲಾರ್ಮ್ ಇನ್ನೂ ಕಿರುಚುತ್ತಿದೆ. ನಾನೇ ಆಸೆಪಟ್ಟು ಕೊಂಡ ಈ ಹೊಸ ಫ್ಲ್ಯಾಟಿನ ಕಿಟಕಿಗಳು ತೆರೆಯುವುದಿಲ್ಲ.